ನಮ್ಮ ಮಿಸ್ ಹೇಳಿದಾರೆ

ಮಗಳನ್ನು ಐದನೇ ತರಗತಿಗೆ ಹೊಸ ಶಾಲೆಗೆ ಸೇರಿಸುವ ಮುನ್ನ, ಚಪ್ಪಲಿ ಅಂಗಡಿಯಲ್ಲಿ ಅವಳ ಕಾಲಿಗೆ ಬೂಟು ತೊಡಿಸಿ, ಹೆಬ್ಬೆರಳಿನ ಮುಂದೆ ಇನ್ನೆಷ್ಟು ಜಾಗ ಉಳಿದಿದೆ ಎಂದು ಒತ್ತಿ ನೋಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಾಗ, ಲೆಕ್ಕದ ಟೀಚರ್ ಒಂದು ಮಾತು ಕೊಟ್ಟಿದ್ದಳು.

"ಆ ಸ್ಕೂಲಲ್ಲಿ ನೀನು ಟೀಚರ್ ಅಂತ ಯಾರಿಗೂ ಹೇಳಬಾರದು," ಎಂದಿದ್ದಳು ಮಗಳು, ಬೂಟಿನ ತುದಿಯನ್ನೇ ನೋಡುತ್ತಾ.

"ಯಾಕೆ ಮರಿ, ಟೀಚರ್ ಅಂದ್ರೆ ಕಳ್ಳರಾ?"

"ಕಳ್ಳರಲ್ಲ. ಆದ್ರೂ ಹೇಳಬಾರದು. ಬಂದ್ರೆ ಬರೀ ಅಮ್ಮ ಆಗಿ ಬಾ."

"ಆಯ್ತು. ಬರೀ ಅಮ್ಮ."

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ."

ಯಾಕೆ ಎಂದು ಕೇಳಿದ್ದು ಸುಮ್ಮನೆ. ಕಾರಣ ಇಬ್ಬರಿಗೂ ಗೊತ್ತಿತ್ತು. ಅಲ್ಲಿಯತನಕ ಮಗಳು ಓದಿದ್ದು ಅಮ್ಮ ಪಾಠ ಮಾಡುವ ಶಾಲೆಯಲ್ಲೇ. ಅಲ್ಲಿ ಆ ಮಗುವಿಗೆ ಸ್ವಂತದ್ದು ಅಂತ ಒಂದು ಹೆಸರೂ ಇರಲಿಲ್ಲ, 'ಟೀಚರ್ ಮಗಳು' ಅಷ್ಟೇ. ಒಳ್ಳೇ ಅಂಕ ಬಂದರೆ, "ಬರದೇ ಏನು, ಪ್ರಶ್ನೆಪತ್ರಿಕೆ ಅವರ ಮನೆಯಲ್ಲೇ ಇರುತ್ತಲ್ಲ" ಅನ್ನುವರು. ಕಡಿಮೆ ಬಂದರೆ, "ಟೀಚರ್ ಮಗಳಾಗಿ ಇಷ್ಟೇನಾ" ಅನ್ನುವರು. ಒಂದು ಸಲ ಓಟದಲ್ಲಿ ಮೊದಲು ಬಂದಳು. ಗೆರೆ ಹತ್ತಿರ ಸೀಟಿ ಹಿಡಿದು ನಿಂತಿದ್ದವಳು ಅಮ್ಮನೇ ಆದ್ದರಿಂದ ಗೊಣಗಾಟ ಎದ್ದು, ಎಲ್ಲರನ್ನೂ ಇನ್ನೊಮ್ಮೆ ಓಡಿಸಬೇಕಾಯಿತು. ಎರಡನೇ ಸಲವೂ ಗೆದ್ದದ್ದು ಮಗಳೇ. ಆದರೆ ಗೆದ್ದ ಖುಷಿ ಅಷ್ಟರಲ್ಲಿ ಬೆವರಿನ ಜೊತೆ ಇಳಿದುಹೋಗಿತ್ತು. ಅವತ್ತು ಮನೆಗೆ ಬಂದು ಅವಳು ಅಳಲಿಲ್ಲ, ಸುಮ್ಮನೆ ಚೀಲವನ್ನು ಮೂಲೆಗೆಸೆದು ಗೋಡೆ ಕಡೆ ತಿರುಗಿ ಮಲಗಿದಳು. ಶಾಲೆ ಬದಲಿಸುವುದೆಂದು ಗಂಡ ಹೆಂಡತಿ ತೀರ್ಮಾನ ಮಾಡಿದ್ದು ಆ ಬೆನ್ನು ನೋಡಿಯೇ.

ಕೊಟ್ಟ ಮಾತು ನಡೆಸುವುದು ಮೊದಲ ವರ್ಷಗಳಲ್ಲಿ ನೀರು ಕುಡಿದಷ್ಟು ಸುಲಭವಾಗಿತ್ತು. ಪೋಷಕರ ಸಭೆ ಶನಿವಾರ ಇರುತ್ತಿತ್ತು, ಅವತ್ತು ಟೀಚರಿಗೂ ತನ್ನ ಶಾಲೆ ಇರುತ್ತಿತ್ತು. ಹಾಗಾಗಿ ಗಂಡ ತನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ ತಾನೇ ಹೋಗಿಬರುತ್ತಿದ್ದ. ಬಂದ ಮೇಲೆ ಅವನ ಬಾಯಿಂದ ಏನಾದರೂ ಹೊರಡಿಸುವುದು ಒಂದು ಕೆಲಸ.

"ಏನಂದ್ರು ರೀ?"

"ಎಲ್ಲ ಚೆನ್ನಾಗಿದೆಯಂತೆ."

"ಲೆಕ್ಕದಲ್ಲಿ?"

"ಅದರಲ್ಲೂ ಚೆನ್ನಾಗಿದೆಯಂತೆ."

"ಇನ್ನೇನಾದ್ರೂ ಹೇಳಿರ್ತಾರಲ್ಲ."

"ಅವರ ಕನ್ನಡಕ ಎಡಗಡೆ ಇಳಿದಿತ್ತು. ಸರಿ ಮಾಡಿಕೊಟ್ಟೆ. ಈಗ ಬೋರ್ಡು ನೆಟ್ಟಗೆ ಕಾಣ್ತಿದೆ ಅಂದ್ರು."

ಕಷ್ಟ ಶುರುವಾದದ್ದು ಮಗಳು ಎಂಟನೇ ತರಗತಿಗೆ ಬಂದು, ಅಲ್ಲಿಗೆ ಲೆಕ್ಕ ಹೇಳಿಕೊಡಲು ಹೊಸಬಳೊಬ್ಬಳು ಬಂದಾಗ. ಟೀಚರಿನ ಶಾಲೆಯಲ್ಲಿ ಮಕ್ಕಳು 'ಟೀಚರ್' ಅನ್ನುತ್ತಿದ್ದರು, ಮಗಳ ಶಾಲೆಯಲ್ಲಿ 'ಮಿಸ್' ಅನ್ನುತ್ತಿದ್ದರು. ಆ ಶಾಲೆಯಲ್ಲಿ ಮಿಸ್‌ಗಳು ಇನ್ನೂ ಎಷ್ಟೋ ಜನ ಇದ್ದರು. ಆದರೆ ಸ್ವಲ್ಪ ದಿನದಲ್ಲೇ ಮನೆಯೊಳಗೆ ಮಿಸ್ ಅಂದರೆ ಒಬ್ಬಳೇ ಆದಳು. ಊಟದ ಮೇಜಿನ ಹತ್ತಿರ ಅವಳಿಗಾಗಿ ಒಂದು ಕುರ್ಚಿ ಹೆಚ್ಚಿಗೆ ಹಾಕುವುದೊಂದು ಬಾಕಿ.

ಮೊದಲು ಬಂದದ್ದು ಏಳರ ವಿಚಾರ. 7 ಬರೆದ ಮೇಲೆ ಸೊಂಟದಲ್ಲಿ ಒಂದು ಅಡ್ಡಗೆರೆ ಎಳೆಯದಿದ್ದರೆ ಅವಸರದಲ್ಲಿ ಅದು ಒಂದರ ಹಾಗೆ ಕಾಣುತ್ತದೆ ಎಂದು ಟೀಚರ್ ಮಗಳಿಗೆ ಪೆನ್ಸಿಲ್ ಹಿಡಿಯಲು ಬಂದ ದಿನದಿಂದ ಹೇಳುತ್ತಾ ಬಂದಿದ್ದಳು. ಮಗಳು ಒಂದು ದಿನವೂ ಎಳೆದವಳಲ್ಲ. ಈಗ ಒಂದು ಸಂಜೆ ನೋಡಿದರೆ ಪುಸ್ತಕದ ತುಂಬಾ ಏಳುಗಳು ಸೊಂಟಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು.

"ಇದೇನೇ ಇದು?"

"ನಮ್ಮ ಮಿಸ್ ಹೇಳಿದಾರೆ. ಹಾಗೆ ಬರೆದ್ರೆ ಒಂದು ಅಂತ ತಪ್ಪು ತಿಳಿಯಲ್ಲ."

"ನಾನು ಇಷ್ಟು ವರ್ಷದಿಂದ ಬಾಯಿ ಬಡ್ಕೊಳ್ತಾ ಇರೋದೂ ಅದನ್ನೇ ಅಲ್ವಾ?"

"ನೀನು ಹೇಳಿದ್ಯಾ?" ಮಗಳು ತಲೆಯೆತ್ತಿ ನೋಡಿದಳು. ಆ ಮುಖದಲ್ಲಿ ನಾಟಕದ ಎಳೆಯೂ ಇರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಟೀಚರಿಗೆ ಹೆಚ್ಚು ಉರಿದದ್ದು ಅದೇ.

ಆಮೇಲೆ ಒಂದೊಂದಾಗಿ ಬಂದವು. ಊಟದ ನಡುವೆ ನೀರು ಕುಡಿಯಬಾರದು, ಮಿಸ್ ಹೇಳಿದಾರೆ. ಓದುವಾಗ ದೀಪ ಎಡಗಡೆ ಇರಬೇಕು, ಮಿಸ್ ಹೇಳಿದಾರೆ. ಬೆಳಗ್ಗೆ ಎದ್ದವರು ತಮ್ಮ ಹಾಸಿಗೆ ತಾವೇ ಮಡಿಸಬೇಕು, ಅದನ್ನೂ ಮಿಸ್ಸೇ ಹೇಳಿದಾರೆ. ಹಾಸಿಗೆ ಮಡಿಸಿದ್ದನ್ನು ಕಂಡು ಅತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಯಾರೇ ಇವಳು ಪುಣ್ಯಾತ್ಗಿತ್ತಿ? ನಮ್ಮನೆಗೂ ಒಂದ್ಸಲ ಕರ್ಕೊಂಡ್ ಬಾ ಮರಿ. ನಿಮ್ಮಪ್ಪನಿಗೆ ಒದ್ದೆ ಟವೆಲು ಹಾಸಿಗೆ ಮೇಲೆ ಹಾಕಬೇಡ ಅಂತ ಹೇಳಿಸೋಣ."

"ನೀವೂ ಅವಳ ಕಡೆಗೇ ಸೇರಿಬಿಡಿ ಅತ್ತೆ," ಎಂದಳು ಟೀಚರ್.

"ನಿನಗೆ ಹೊಟ್ಟೆಕಿಚ್ಚು."

"ನನಗ್ಯಾಕೆ ಹೊಟ್ಟೆಕಿಚ್ಚು?"

"ನನಗೂ ಬಂದಿತ್ತಮ್ಮ. ನೀನು ಈ ಮನೆಗೆ ಬಂದ ಹೊಸದರಲ್ಲಿ ನನ್ನ ಮಗನ ಬಾಯಲ್ಲಿ ದಿನಾ ಇದೇ. ಅವಳು ಹೇಳಿದಾಳೆ, ಅವಳು ಹೇಳಿದಾಳೆ. ಎದೆ ಉರಿ ಅಂದ್ರೆ ಎದೆ ಉರಿ. ಡಾಕ್ಟ್ರು ಮಾತ್ರೆ ಕೊಟ್ರು."

"ಹೋಯ್ತಾ?"

"ಎಲ್ಲಿ ಹೋಗುತ್ತೆ. ಅಭ್ಯಾಸ ಆಯ್ತು."

ಟೀಚರ್ ನಕ್ಕಳು. ನಕ್ಕರೂ ಒಳಗಿನದ್ದು ತಣ್ಣಗಾಗಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ತನ್ನ ಶಾಲೆಯ ಪೋಷಕರ ಮುಖಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. "ನಾವು ಹೇಳಿದ್ರೆ ಕೇಳಲ್ಲ ಟೀಚರ್, ನೀವೊಂದು ಮಾತು ಹೇಳಿ" ಎಂದು ಬಂದು ನಿಲ್ಲುತ್ತಿದ್ದ ತಾಯಂದಿರು. ಉಗುರು ಕಚ್ಚುವವನಿಗೆ, ಹಲ್ಲುಜ್ಜದವಳಿಗೆ, ತಮ್ಮನನ್ನು ಹೊಡೆಯುವವನಿಗೆ, ಎಲ್ಲರಿಗೂ ಅವಳೇ ಒಂದು ಮಾತು ಹೇಳಬೇಕಿತ್ತು. ಹೇಳುತ್ತಿದ್ದಳು. ಮಕ್ಕಳು ಕೇಳುತ್ತಿದ್ದವು. ಮಾರನೇ ವಾರ ಆ ತಾಯಂದಿರು ನಗುತ್ತಾ ಬಂದು, "ನಿಮ್ಮ ಮಾತು ಅಂದ್ರೆ ವೇದವಾಕ್ಯ" ಅನ್ನುತ್ತಿದ್ದರು. "ಹಾಗೇನಿಲ್ಲಪ್ಪ" ಎಂದು ಇವಳು ತಲೆ ತಗ್ಗಿಸುತ್ತಿದ್ದಳು, ಒಳಗೊಳಗೇ ಬೀಗುತ್ತಿದ್ದಳು. ಅವರ ನಗುವಿನ ಹಿಂದೆ ಹಲ್ಲು ಕಚ್ಚಿಕೊಂಡಿದ್ದು ಈಗ ಕಾಣಿಸಿತು. ಮನೆಯಲ್ಲಿ ಅವರು ತನ್ನನ್ನು ಏನೆಂದು ಬೈದುಕೊಂಡಿರಬಹುದು ಎಂದು ಯೋಚಿಸುತ್ತಾ ಇಳಿಯುವ ನಿಲ್ದಾಣವೇ ತಪ್ಪಿಹೋಯಿತು.

ಮನುಷ್ಯನ ಬುದ್ಧಿ ವಿಚಿತ್ರ. ಉರಿ ಎಲ್ಲಿದೆಯೋ ಅಲ್ಲಿಗೇ ಕೈ ಹೋಗುತ್ತದೆ. ಮಗಳು ತಾನಾಗಿ ಹೇಳದಿದ್ದರೆ ಟೀಚರೇ ಕೆದಕಿ ಕೇಳುವಳು.

"ವಯಸ್ಸೆಷ್ಟು ಅವರಿಗೆ?"

"ಗೊತ್ತಿಲ್ಲ. ಮಿಸ್‌ಗೆ ಇರೋ ಅಷ್ಟು."

"ಅಕ್ಷರ ಹೇಗಿದೆ?"

"ಮುತ್ತು ಪೋಣಿಸಿದ ಹಾಗೆ. ಮತ್ತೆ ಗೊತ್ತಾ ಅಮ್ಮ, ಅವರು ಕುರ್ಚಿ ಮೇಲೆ ಕೂರೋದೇ ಇಲ್ಲ. ನಮ್ಮ ಜೊತೆ ಬೆಂಚಲ್ಲಿ ಕೂತ್ಕೊಂಡು ನಮ್ಮನ್ನೇ ಬೋರ್ಡ್ ಹತ್ರ ಕಳಿಸ್ತಾರೆ. ತಪ್ಪು ಮಾಡಿದ್ರೆ ಬೈಯಲ್ಲ. 'ನನಗೆ ಅರ್ಥ ಆಗ್ಲಿಲ್ಲ ಕಣೆ, ಇನ್ನೊಂದ್ಸಲ ಹೇಳ್ಕೊಡು' ಅಂತಾರೆ."

"ನಿಜವಾಗ್ಲೂ ಅರ್ಥ ಆಗಿರಲ್ವೇನೋ," ಎಂದುಬಿಟ್ಟಳು ಟೀಚರ್.

ಮಗಳು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಎದ್ದು ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ತಟ್ಟೆ ತೊಳೆದಿಡುವುದನ್ನು ಯಾರು ಹೇಳಿದ್ದೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಾರನೇ ದಿನ ಟೀಚರ್ ತನ್ನ ತರಗತಿಯಲ್ಲಿ ಕುರ್ಚಿ ಬಿಟ್ಟು ಹೋಗಿ ಕೊನೇ ಬೆಂಚಿನಲ್ಲಿ ಕೂತಳು. ಬೆಂಚು ಹನ್ನೆರಡು ವರ್ಷದ ಮಂಡಿಗಳಿಗೆ ಮಾಡಿದ್ದು, ಅವಳ ಮಂಡಿ ಹಲಗೆಗೆ ಸಿಕ್ಕಿಕೊಂಡಿತು. ಒಬ್ಬ ಹುಡುಗಿಯನ್ನು ಬೋರ್ಡಿಗೆ ಕಳಿಸಿ, ಅವಳು ತಪ್ಪು ಮಾಡಿದಾಗ ಮೆತ್ತಗೆ, "ನನಗೆ ಅರ್ಥ ಆಗ್ಲಿಲ್ಲ ಕಣೆ" ಎಂದಳು. ಇಡೀ ತರಗತಿ ಗಾಬರಿಯಿಂದ ತಿರುಗಿ ನೋಡಿತು. ಟೀಚರಿಗೆ ಲೆಕ್ಕ ಅರ್ಥವಾಗುತ್ತಿಲ್ಲ, ಮುಖವೂ ಕೆಂಪಾಗಿದೆ, ಎದ್ದೇಳಲೂ ಆಗುತ್ತಿಲ್ಲ ಎಂದು ಯಾರೋ ಓಡಿಹೋಗಿ ಮುಖ್ಯೋಪಾಧ್ಯಾಯಿನಿಯನ್ನೇ ಕರೆತಂದರು. ಅವರು ಬಂದು ಹಣೆ ಮುಟ್ಟಿ ನೋಡಿ, "ರಜ ಬೇಕಾದ್ರೆ ಬಾಯ್ಬಿಟ್ಟು ಕೇಳಿ, ಹೀಗೆಲ್ಲ ಮಾಡಬೇಡಿ" ಎಂದು ಹೋದರು.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಒಂದೇ, ಸಂಜೆಯ ಮೇಜು. ಇಷ್ಟು ವರ್ಷ ಸಂಜೆಯಾದರೆ ಊಟದ ಮೇಜಿನ ಒಂದು ತುದಿಯಲ್ಲಿ ಟೀಚರ್ ಉತ್ತರಪತ್ರಿಕೆ ತಿದ್ದುತ್ತಾ ಕೂರುವಳು, ಇನ್ನೊಂದು ತುದಿಯಲ್ಲಿ ಮಗಳು ಮನೆಲೆಕ್ಕ ಮಾಡುವಳು. ಸಿಕ್ಕಿಕೊಂಡಾಗ ಮಗಳು ಪುಸ್ತಕವನ್ನು ಮೇಜಿನ ಮೇಲೆ ಸರ್ರನೆ ಈಚೆ ತಳ್ಳುವಳು. ಟೀಚರ್ ಕೆಂಪು ಪೆನ್ನು ಕೆಳಗಿಟ್ಟು, ಪೆನ್ಸಿಲ್ ತೆಗೆದುಕೊಂಡು, ಎರಡು ಗೆರೆ ಎಳೆದು ತಿರುಗಿ ತಳ್ಳುವಳು. ದಿನವೆಲ್ಲ ಊರ ಮಕ್ಕಳಿಗೆ ಕಿರುಚಿ ಗಂಟಲು ಕಟ್ಟಿದ್ದರೂ ಆ ಎರಡು ಗೆರೆಗೆ ದಣಿವು ತಾಗುತ್ತಿರಲಿಲ್ಲ. ಈಗ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡುತ್ತಿದ್ದಳು.

"ಬರಲಾ?" ಎಂದು ಬಾಗಿಲಾಚೆ ನಿಂತು ಕೇಳಿದರೆ, "ಬೇಡಮ್ಮ, ಬರುತ್ತೆ," ಎನ್ನುವಳು. ಬರುತ್ತಿತ್ತು ಕೂಡ. ಕಿರುಪರೀಕ್ಷೆಯಲ್ಲಿ ಇಡೀ ತರಗತಿಗೆ ಮೊದಲು ಬಂದಳು. ಆ ದಿನ ಬೂಟನ್ನೂ ಬಿಚ್ಚದೆ ಅಡುಗೆಮನೆಗೆ ಬಂದು ಹೇಳಿದಳು.

"ನಾನೇ ಫಸ್ಟು. ಮತ್ತೆ ಯಾರೂ ಏನೂ ಅನ್ಲಿಲ್ಲ ಅಮ್ಮ. ಒಬ್ಬರೂ ಏನೂ ಅನ್ಲಿಲ್ಲ. ಚಪ್ಪಾಳೆ ಹೊಡೆದ್ರು, ಅಷ್ಟೇ. ಮಿಸ್ ಬೆನ್ನು ತಟ್ಟಿದ್ರು."

ಇಷ್ಟರಲ್ಲಿ ಟೀಚರಿನ ಕಿವಿಗೆ ಚೆನ್ನಾಗಿ ಬಿದ್ದದ್ದು ಕೊನೆಯ ಮಾತು ಮಾತ್ರ. ಒಲೆಯ ಉರಿಯನ್ನು ಬೇಕಾದ್ದಕ್ಕಿಂತ ಜೋರು ಮಾಡಿದಳು. ಆ ರಾತ್ರಿ ಊಟ ತಳ ಹಿಡಿದಿತ್ತು.

ಅದರ ಮುಂದಿನ ಶನಿವಾರವೇ ಪೋಷಕರ ಸಭೆ. ಟೀಚರಿನ ಶಾಲೆಗೆ ಸುಣ್ಣಬಣ್ಣ ನಡೆಯುತ್ತಿದ್ದರಿಂದ ಅವತ್ತು ರಜ.

"ಈ ಸಲ ನಾನೇ ಹೋಗ್ತೀನಿ," ಎಂದಳು.

ಗಂಡ ಪತ್ರಿಕೆಯಿಂದ ತಲೆಯೆತ್ತಿದ. "ಲೆಕ್ಕ ಚೆನ್ನಾಗಿದೆಯಂತೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ."

"ನಿಮ್ಮ ವರದಿ ಕೇಳಿ ಕೇಳಿ ಸಾಕಾಗಿದೆ."

ಸಭೆಯ ದಿನ ಟೀಚರ್ ಇಸ್ತ್ರಿ ಹಾಕಿದ ಬಟ್ಟೆ ಉಟ್ಟು, ಕನ್ನಡಿ ಮುಂದೆ ಇನ್ನೊಮ್ಮೆ ತಲೆ ಬಾಚಿದಳು. ಗಂಡ ಬಾಗಿಲಿಗೆ ಒರಗಿ ನಿಂತು ನೋಡಿದ. "ಸಂದರ್ಶನಕ್ಕೆ ಹೊರಟ ಹಾಗಿದೆ ಟೀಚರಮ್ಮ."

"ತಾಯಿಯಾಗಿ ಹೋಗ್ತಿದೀನಿ. ಒಂದಿಷ್ಟು ಲಕ್ಷಣವಾಗಿ ಹೋಗಬಾರದಾ?"

"ಹೋಗು ಹೋಗು. ನನಗೆ ಆ ಮಿಸ್ಸನ್ನ ನೆನೆಸಿಕೊಂಡರೆ ಪಾಪ ಅನ್ನಿಸುತ್ತೆ."

ದಾರಿಯುದ್ದಕ್ಕೂ ಮಗಳು ಪಾಠ ಒಪ್ಪಿಸಿಕೊಂಡಳು. "ಬೋರ್ಡ್ ನೋಡಿ ಏನೂ ಹೇಳಬೇಡ. ಯಾರ ಮಕ್ಕಳಿಗೂ ನೆಟ್ಟಗೆ ಕೂತ್ಕೋ ಅನ್ನಬೇಡ. ಮಾತು ನೆನಪಿದೆಯಲ್ಲ?"

"ಇದೆ ಕಣೆ."

"ಅವರಿಗೆ ಗೊತ್ತಾದ್ರೆ ಮತ್ತೆ ಅದೇ ಶುರುವಾಗುತ್ತೆ ಅಮ್ಮ. ಅಮ್ಮ ಟೀಚರ್, ಅದಕ್ಕೇ ಫಸ್ಟು ಅಂತಾರೆ. ಈಗ ಅದು ನಂದು."

"ಸರಿ ಅಂದ್ನಲ್ಲ," ಎಂದಳು ಟೀಚರ್. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಮಿಸ್ ಎಂದರೆ ತೆಳ್ಳಗೆ, ಬೆಳ್ಳಗೆ, ಕಾಲೇಜಿನ ಶಾಯಿ ಇನ್ನೂ ಆರದವಳು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವವಳು ಎಂದು ಎಷ್ಟೋ ದಿನದಿಂದ ಚಿತ್ರ ಬರೆದಿಟ್ಟುಕೊಂಡಿದ್ದಳು. ಮನೆಯಿಲ್ಲ, ಮಠವಿಲ್ಲ, ತಿದ್ದುವ ಕಟ್ಟುಗಳ ಜೊತೆ ಒಗೆಯುವ ಬಟ್ಟೆಯಿಲ್ಲ. ಅಂಥವಳು ಬೆಂಚಿನಲ್ಲಿ ಕೂತು ಮಕ್ಕಳಿಗೆ ಇಷ್ಟವಾಗುವುದು ಏನು ಮಹಾ.

ಶಾಲೆಯ ಬಾಗಿಲಲ್ಲಿ ಮಗಳು ನೀರಿನ ಲೋಟ ಹಂಚುವ ಗುಂಪಿಗೆ ಸೇರಿಕೊಂಡಳು. ಟೀಚರ್ ಒಬ್ಬಳೇ ತರಗತಿಗೆ ಹೊರಟಳು. ಹೊಸ ಮಿಸ್ ಬಂದ ಮೇಲೆ ಇದೇ ಮೊದಲ ಸಭೆ, ಅವಳನ್ನು ಕಂಡ ಪೋಷಕರು ಇನ್ನೂ ಯಾರೂ ಇರಲಿಲ್ಲ. ಕೋಣೆಯ ತುಂಬ ತಂದೆ ತಾಯಂದಿರು ಮಕ್ಕಳ ಬೆಂಚುಗಳಲ್ಲಿ ಮೈ ಮುದುಡಿಕೊಂಡು ಕೂತಿದ್ದರು. ಕೊನೇ ಸಾಲಿನಲ್ಲಿ ನಾಲ್ಕೈದು ಜನ ತಲೆ ಸೇರಿಸಿಕೊಂಡು ಮಾತಾಡುತ್ತಿದ್ದರು. ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ಆಮೇಲೆ ಆದದ್ದಕ್ಕೆ ಟೀಚರಿನ ಕಾಲೇ ಹೊಣೆ. ಇಷ್ಟು ವರ್ಷದಲ್ಲಿ ತರಗತಿ ಎಂಬ ಕೋಣೆಯೊಳಗೆ ಆ ಕಾಲುಗಳು ನಡೆದದ್ದು ಒಂದೇ ದಾರಿ. ಬಾಗಿಲು ದಾಟು, ಬೋರ್ಡಿನ ಕಡೆ ತಿರುಗು, ಮೇಜಿನ ಮೇಲೆ ಚೀಲ ಇಡು, ಕುರ್ಚಿ ಎಳೆ, ಕೂರು. ಚೀಲ ಇಟ್ಟು, ಕುರ್ಚಿ ಎಳೆದು, ಕೂತು, ಬೋರ್ಡು ಒರೆಸುವ ಡಸ್ಟರನ್ನು ಮೇಜಿನ ಬಲ ಮೂಲೆಗೆ ಸರಿಸಿದ ಮೇಲೆ ಅವಳಿಗೆ ತಾನು ಎಲ್ಲಿ ಕೂತಿದ್ದೇನೆಂದು ಗೊತ್ತಾಯಿತು. ಏಳುವುದಕ್ಕೆ ಮೇಜಿನ ಅಂಚು ಹಿಡಿದಳು. ಅಷ್ಟರಲ್ಲಿ ಒಬ್ಬ ಹೆಂಗಸು ಎದುರಿಗೆ ಬಂದು ನಿಂತಿದ್ದಳು.

"ನಮಸ್ಕಾರ ಮಿಸ್. ಆ ಮೂರನೇ ಬೆಂಚಲ್ಲಿ ಕೂರ್ತಾನಲ್ಲ, ಸುರುಳಿ ಕೂದಲಿನವನು, ಅವನ ತಾಯಿ. ಬೇಕರಿ ಇದೆ ನಮ್ಮದು."

'ನಾನು ಮಿಸ್ ಅಲ್ಲ' ಎಂಬ ಮಾತು ಟೀಚರಿನ ನಾಲಿಗೆಯ ತುದಿಯಲ್ಲೇ ಇತ್ತು. ಬೇಕರಿಯವಳು ಅದಕ್ಕೆ ದಾರಿ ಬಿಡಲಿಲ್ಲ.

"ಮನೇಲಿ ಹಗಲು ರಾತ್ರಿ ನಿಮ್ಮದೇ ಮಾತು. ಮಿಸ್ ಹಾಗೆ, ಮಿಸ್ ಹೀಗೆ."

ನಾಲಿಗೆಯ ತುದಿಯಲ್ಲಿದ್ದ ಮಾತು ಒಳಗೆ ಹೋಯಿತು. ಬೇರೆಯವಳ ಹೆಸರಿಗೆ ಬಂದ ಸಿಹಿ ಎಂದು ಗೊತ್ತಿದ್ದೂ ಟೀಚರ್ ಬಾಯಿ ತೆರೆದಳು. "ಏನಂತಾನೆ?"

"ಏನನ್ನಲ್ಲ ಕೇಳಿ. ನಾನು ಮಾಡೋ ಬ್ರೆಡ್ಡನ್ನ ಮೂಸಿಯೂ ನೋಡ್ತಿರಲಿಲ್ಲ. ನೀವೊಂದಿನ ಅವನ ಡಬ್ಬಿಯಿಂದ ಒಂದು ತುಂಡು ಮುರ್ಕೊಂಡು ತಿಂದು ಚೆನ್ನಾಗಿದೆ ಅಂದ್ರಂತೆ. ಅವತ್ತಿಂದ ಅದೇ ಬೇಕು ಅವನಿಗೆ. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮಿಸ್. ನಿಮ್ಮ ಹೆಸರು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ."

"ಉರಿಯುತ್ತೆ," ಎಂದಳು ಟೀಚರ್, ಹೊಟ್ಟೆಯ ಆಳದಿಂದ.

"ನಿಮಗೂ ಮಕ್ಕಳಿದಾರಾ?"

"ಒಬ್ಬಳಿದಾಳೆ."

"ಅವಳೂ ಹೀಗೇನಾ?"

"ಹೀಗೇ."

ಇಬ್ಬರೂ ನಕ್ಕರು. ಟೀಚರ್ ಸಮಾಧಾನ ಹೇಳಿದಳು. ನಾವು ಹೇಳಿದ್ದನ್ನೆಲ್ಲ ಮಕ್ಕಳು ಒಳಗೆಲ್ಲೋ ಕೂಡಿಟ್ಟುಕೊಂಡಿರುತ್ತವೆ, ಬೇರೆಯವರು ಹೇಳಿದಾಗ ಹೊರಗೆ ತೆಗೆಯುತ್ತವೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಇದೇ ಮಾತನ್ನು ತನ್ನ ಶಾಲೆಯ ತಾಯಂದಿರಿಗೂ ಹೇಳುತ್ತಿದ್ದಳು. ಆಗೆಲ್ಲ ಅದು ನಿಜ ಅನ್ನಿಸುತ್ತಿತ್ತು.

ಬೇಕರಿಯವಳ ಹಿಂದೆ ಒಂದು ಸಾಲೇ ಬೆಳೆದಿತ್ತು. ಒಬ್ಬ ತಂದೆ ಬಗ್ಗಿ, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದ, "ನಮ್ಮವಳು ಭಿನ್ನರಾಶಿ ಅಂದ್ರೆ ಅಳ್ತಾಳೆ ಮಿಸ್. ನನಗೂ ಹೇಳ್ಕೊಡೋಕೆ ಬರಲ್ಲ. ಅವಳ ಜೊತೆ ನಾನೂ ಅಳಬೇಕು ಅಷ್ಟೇ."

ಇಂಥ ಮಾತು ಕೇಳಿದ ಮೇಲೆ ಟೀಚರಿನ ಕೈ ಸುಮ್ಮನಿರುವ ಕೈಯಲ್ಲ. ಅದು ತಾನಾಗಿಯೇ ಹೋಗಿ ಸೀಮೆಸುಣ್ಣ ಹಿಡಿಯಿತು. "ವೃತ್ತ ಬರೀಬೇಡಿ ಸರ್, ವೃತ್ತ ಕತ್ತರಿಸೋದು ದೊಡ್ಡವರಿಗೇ ಕಷ್ಟ. ಉದ್ದ ಪಟ್ಟಿ ಬರೀರಿ." ಬೋರ್ಡಿನ ಮೇಲೆ ಒಂದು ಪಟ್ಟಿ ಎಳೆದು ಮೂರು ಭಾಗ ಮಾಡಿದಳು. ಅದರ ಕೆಳಗೆ ಅಷ್ಟೇ ಉದ್ದದ ಇನ್ನೊಂದು ಎಳೆದು ಆರು ಭಾಗ ಮಾಡಿದಳು. "ಇದರಲ್ಲಿ ಎರಡು, ಅದರಲ್ಲಿ ನಾಲ್ಕು. ಕಣ್ಣಿಗೇ ಗೊತ್ತಾಗುತ್ತೆ ನೋಡಿ, ಎರಡೂ ಒಂದೇ ಅಂತ."

"ಹೌದಲ್ಲ," ಎಂದ ಆ ತಂದೆ.

"ನನಗೂ ಅರ್ಥ ಆಯ್ತು," ಎಂದಿತು ಕೊನೇ ಸಾಲಿನಿಂದ ಒಂದು ದನಿ.

ಎದ್ದು ಬಂದವಳು ಗಿಡ್ಡಗೆ, ದಪ್ಪಗೆ ಇದ್ದಳು. ವಯಸ್ಸಿನಲ್ಲಿ ಟೀಚರಿಗಿಂತ ಒಂದೆರಡು ವರ್ಷ ಹಿರಿಯಳೇ ಇರಬೇಕು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿದ್ದಳು, ಚಪ್ಪಲಿಯ ಹಿಮ್ಮಡಿ ಸವೆದಿತ್ತು, ಕಣ್ಣಿನ ಕೆಳಗೆ ಟೀಚರ್ ದಿನಾ ಕನ್ನಡಿಯಲ್ಲಿ ನೋಡುವ ಅದೇ ಕಪ್ಪು. ಚಿಕ್ಕ ವಯಸ್ಸಿನವಳು, ಹೊಣೆಗಾರಿಕೆ ಇಲ್ಲದವಳು ಎಂಬ ನೆಪವಾದರೂ ಸಿಕ್ಕೀತೆಂದು ಬಂದಿದ್ದ ಟೀಚರಿಗೆ ಅದೂ ಕೈಬಿಟ್ಟುಹೋಯಿತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಅರ್ಧ ಕೆಲಸ ನೀವೇ ಮುಗಿಸಿಕೊಟ್ರಿ," ಎಂದಳು ಮಿಸ್. "ನೀವು ಟೀಚರ್ ಅಲ್ವಾ?"

ಬಾಗಿಲಲ್ಲಿ ಲೋಟಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಮಗಳು ತಟ್ಟೆ ಹಿಡಿದು ನಿಂತಿದ್ದಳು. ಅಮ್ಮ, ಬೋರ್ಡು, ಅಮ್ಮನ ಕೈಯ ಸೀಮೆಸುಣ್ಣ, ಮೂರನ್ನೂ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಟೀಚರ್ ಸೀಮೆಸುಣ್ಣ ಕೆಳಗಿಟ್ಟಳು. "ಅಲ್ಲ. ಕಾಲು ನೋಯ್ತಿತ್ತು. ಕುರ್ಚಿ ಖಾಲಿ ಇತ್ತು, ಕೂತೆ."

"ಮತ್ತೆ ಈ ಪಟ್ಟಿ?"

"ಕನ್ನಡಕದ ಅಂಗಡಿ ನಮ್ಮದು. ಅಳತೆ ಗಿಳತೆ ಸ್ವಲ್ಪ ಗೊತ್ತಾಗುತ್ತೆ."

"ಅಂದ್ರೆ ನೀವು ಮಿಸ್ ಅಲ್ವಾ?" ಎಂದಳು ಬೇಕರಿಯವಳು. "ಅಯ್ಯೋ ದೇವರೇ, ನಿಮ್ಮ ಹತ್ರ ಏನೇನೋ ಹೇಳ್ಬಿಟ್ಟೆನಲ್ಲ."

"ಹೇಳಬೇಕಾದವರ ಹತ್ರವೇ ಹೇಳಿದ್ರಿ ಬಿಡಿ," ಎಂದಳು ಟೀಚರ್.

ಕೋಣೆಯೆಲ್ಲ ನಕ್ಕಿತು. ಸಾಲಿನಲ್ಲಿದ್ದವರು ನಾಚಿಕೊಂಡು ಮಿಸ್ ಹಿಂದೆ ಹೋಗಿ ನಿಂತ ಮೇಲೆ, ಟೀಚರ್ ತನ್ನ ಸರದಿಗಾಗಿ ಒಂದು ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತಳು. ಸರದಿ ಬಂದಾಗ ಮಿಸ್ ಬಂದು ಪಕ್ಕದಲ್ಲೇ ಕೂತು, ಮಗಳನ್ನೂ ಕೈಸನ್ನೆ ಮಾಡಿ ಕರೆದಳು. ಕನ್ನಡಕದ ಅಂಗಡಿಯ ಹೆಂಗಸಿಗೆ ಬೀಜಗಣಿತ ಕಂಡರೆ ಹೆದರಿಕೆ ಇರಬಹುದೆಂದು ಅವಳಿಗೆ ಕನಿಕರ ಬಂದಿರಬೇಕು.

"ಮಗಳ ಪುಸ್ತಕ ನೋಡಿ ಭಯ ಬೀಳಬೇಡಿ ಅಮ್ಮ. ನಿಮಗೆ ಬರದಿದ್ರೂ ಪರವಾಗಿಲ್ಲ. ಈ x ಇದೆಯಲ್ಲ, ಇದನ್ನ ಒಂದು ಮುಚ್ಚಿದ ಡಬ್ಬಿ ಅಂದ್ಕೊಳ್ಳಿ."

"ಡಬ್ಬಿ," ಎಂದಳು ಟೀಚರ್.

"ಒಳಗೆ ಏನೋ ಇದೆ. ಎಷ್ಟಿದೆ ಅಂತ ನಮಗೆ ಗೊತ್ತಿಲ್ಲ."

"ಗೊತ್ತಿಲ್ಲ."

"ಎರಡೂ ಕಡೆ ಒಂದೇ ಸಮ ತೆಗೀತಾ ಬಂದ್ರೆ ಕೊನೆಗೆ ಡಬ್ಬಿ ಒಂದೇ ಉಳಿಯುತ್ತೆ. ಆಗ ಮುಚ್ಚಳ ತೆಗೀಬಹುದು. ಅರ್ಥ ಆಯ್ತಾ?"

"ಆಯ್ತು."

ಮಗಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡು ಕಿಟಕಿ ಕಡೆ ನೋಡುತ್ತಿದ್ದಳು. ಟೀಚರ್ ತನ್ನ ತರಗತಿಯಲ್ಲಿ x ಅಂದರೆ ಮುಖ ಮುಚ್ಚಿಕೊಂಡು ಬಂದ ಸಂಖ್ಯೆ ಎಂದು ಹೇಳಿಕೊಡುತ್ತಿದ್ದಳು. ಡಬ್ಬಿ ಅದಕ್ಕಿಂತ ಚೆನ್ನಾಗಿತ್ತು. ಡಬ್ಬಿಗೆ ಮುಚ್ಚಳವಿತ್ತು. ಒಪ್ಪಿಕೊಳ್ಳಲೇಬೇಕಾಯಿತು.

"ಇವಳ ಬಗ್ಗೆ ನಿಮ್ಮನ್ನ ಒಂದು ಕೇಳಬೇಕಿತ್ತು," ಎಂದಳು ಮಿಸ್. ತುರುಬಿನಿಂದ ಪೆನ್ಸಿಲ್ ತೆಗೆದು ಬೆರಳಲ್ಲಿ ತಿರುಗಿಸಿದಳು. "ಇವಳಿಗೆ ನಾನು ಹೊಸದಾಗಿ ಕಲಿಸಿದ್ದು ಕಡಿಮೆ. ಅಡಿಪಾಯ ಅಷ್ಟು ಗಟ್ಟಿ ಇದೆ. ಚಿಕ್ಕವಳಿದ್ದಾಗ ಯಾರೋ ಪಕ್ಕದಲ್ಲಿ ಕೂತು ತುಂಬಾ ತಾಳ್ಮೆಯಿಂದ ಹೇಳಿಕೊಟ್ಟಿದಾರೆ. ಭಾಗಾಕಾರ ಬಂದ್ರೆ ಈಗಲೂ ಮೊದಲು ಎರಡು ಗೆರೆ ಎಳ್ಕೋತಾಳೆ. ಅದು ಬೇಡ ಕಣೆ, ಹೀಗೆ ಮಾಡು ಅಂತ ಎಷ್ಟು ಸಲ ಹೇಳಿದೀನಿ. ತಲೆ ಆಡಿಸ್ತಾಳೆ, ಮತ್ತೆ ಅವರ ದಾರೀಲೇ ಮಾಡ್ತಾಳೆ. ನನಗೆ ಒಂದೊಂದ್ಸಲ ಸಿಟ್ಟೇ ಬರುತ್ತೆ. ಯಾರು ಅವರು?"

ಟೀಚರಿನ ಇಷ್ಟು ದಿನದ ಉರಿ ಆರಲು ಇದೊಂದು ಮಾತು ಸಾಕಾಗಿತ್ತು. 'ನಾನು' ಎಂದರೆ ಮುಗಿಯಿತು. ಮಿಸ್ಸಿನ ಮುಖ ಹೇಗಾಗುತ್ತದೆಂದು ನೋಡಬಹುದಿತ್ತು. ಬೇಕರಿಯವಳು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಇದ್ದಳು. ನೀರು ಹಂಚುತ್ತಿದ್ದ ಹುಡುಗಿಯರು ಲೋಟ ಹಿಡಿದುಕೊಂಡೇ ಕಿವಿ ಇತ್ತ ಕೊಟ್ಟಿದ್ದರು, ಪರೀಕ್ಷೆಯ ದಿನ ಚಪ್ಪಾಳೆ ಹೊಡೆದವರು ಅವರೇ. ಮಗಳು ಕಿಟಕಿಯಿಂದ ಕಣ್ಣು ತೆಗೆದು ಅಮ್ಮನನ್ನು ನೋಡಿದಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಹಳೇ ಸ್ಕೂಲಲ್ಲಿ ಯಾರೋ ಒಬ್ಬರು ಟೀಚರ್ ಇದ್ರು," ಎಂದಳು ಟೀಚರ್.

"ಹೆಸರೇನು ಅವರದು?"

"ನೆನಪಿಲ್ಲ."

"ಅಯ್ಯೋ, ಅಂಥವರ ಹೆಸರು ಮರೀಬಾರದಮ್ಮ," ಎಂದು ಮಿಸ್ ಅವಳನ್ನು ಬೈದಳು, ದನಿ ಎತ್ತದೆ, ಮಕ್ಕಳನ್ನು ಬೈಯುವ ಹಾಗೆ.

"ತಪ್ಪಾಯ್ತು ಮಿಸ್," ಎಂದಳು ಟೀಚರ್.

ಮಿಸ್ ಎದ್ದು ಮುಂದಿನ ಬೆಂಚಿಗೆ ಹೋದಳು. ಮಗಳು ನೀರಿನ ತಟ್ಟೆ ಎತ್ತಿಕೊಂಡು ಅವಳ ಹಿಂದೆಯೇ ಹೋದಳು. ಟೀಚರಿಗೆ ಹೊಟ್ಟೆ ಉರಿಯುತ್ತಲೇ ಇತ್ತು. ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ದಳು.